ಪೇಂಟ್‌ಬಾಲ್: ಸೆಮಿ (ಒಂದು ಒತ್ತಿಗೆ ಒಂದೇ ಬಾಲ್) ಅಂದುಕೊಂಡು ಆಡಿದೆ, ಗನ್ ರ‍್ಯಾಂಪ್‌ನಲ್ಲಿತ್ತು. ಇದು ಮೋಸವಾ?

ಮೂರನೇ_ಮರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಭಾನುವಾರದಿಂದ ತಲೆಯಲ್ಲಿ ಇದೇ ಕೊರೆಯುತ್ತಿದೆ.

ಕಾಡಿನ ಪೇಂಟ್‌ಬಾಲ್ (ಬಣ್ಣ ತುಂಬಿದ ಬಾಲ್ ತಗುಲಿ ಒಡೆದರೆ ಔಟ್) ಆಡಲು ಶುರು ಮಾಡಿ ಎರಡು ವರ್ಷ ಆಯಿತು. ಇಷ್ಟು ದಿನ ಬಾಡಿಗೆ ಗನ್ನೇ. ಟ್ರಿಗರ್ ಒತ್ತಿದರೆ ಒಂದು ಬಾಲ್, ಅದೂ ಅದಕ್ಕೆ ಮನಸ್ಸಿದ್ದರೆ. ಹೋದ ತಿಂಗಳು ಒಬ್ಬರಿಂದ ಹಳೇ ಎಲೆಕ್ಟ್ರಾನಿಕ್ ಮಾರ್ಕರ್, ಅಂದರೆ ಗನ್, ಕೊಂಡೆ. ಅವರು ಮೊದಲು ಟೂರ್ನಮೆಂಟ್ ಆಡುತ್ತಿದ್ದವರು, ಈಗ ಬಿಟ್ಟಿದ್ದಾರೆ. ಜೊತೆಗೆ ಬಾಲ್ ತುಂಬಿ ಗನ್‌ಗೆ ಇಳಿಸುವ ಬ್ಯಾಟರಿ ಹಾಪರ್ ಕೂಡ ಕೊಟ್ಟರು. ಮ್ಯಾನ್ಯುಯಲ್ ಇರಲಿಲ್ಲ. ಆನ್ ಮಾಡಿದರೆ ಹಸಿರು ದೀಪ ಬರುತ್ತದೆ, ಅಷ್ಟು ಸಾಕು ಅಂದುಕೊಂಡೆ.

ಭಾನುವಾರ ಮೊದಲ ಸಲ ಮೈದಾನಕ್ಕೆ ತಂದೆ. ಬೆಳಗ್ಗೆ ಬಾಲ್‌ನ ವೇಗ ಅಳೆಯುವ ಕ್ರೋನೋ ಮುಂದೆ ನಿಲ್ಲಿಸಿ ಹೊಡೆಸಿದರು. ಒಂದೊಂದಾಗಿ, ನಿಧಾನಕ್ಕೆ. 274, 278, 271. ಆ ಮೈದಾನದ ಮಿತಿ ಸೆಕೆಂಡಿಗೆ 280 ಅಡಿ. "ಸೆಮಿ ತಾನೇ?" ಅಂತ ಕೇಳಿದರು. "ಹೌದು" ಅಂದೆ. ಸುಳ್ಳು ಹೇಳಲಿಲ್ಲ ಸ್ವಾಮಿ, ನನಗೆ ಗೊತ್ತಿದ್ದದ್ದೇ ಅಷ್ಟು.

ಮೊದಲ ಎರಡು ಆಟದಲ್ಲಿ ನಾನು ಹೊಡೆದದ್ದಕ್ಕಿಂತ ಬಚ್ಚಿಟ್ಟುಕೊಂಡದ್ದೇ ಜಾಸ್ತಿ. ಮೂರನೇ ಆಟದಲ್ಲಿ ಬಲಗಡೆ ಪೊದೆ ಬಳಸಿಕೊಂಡು ಮುಂದೆ ಹೋದೆ. ಬಿದ್ದ ಮರದ ದಿಮ್ಮಿ ಹಿಂದೆ ಒಬ್ಬ ಕೂತಿದ್ದ. ಎಡಗಡೆ ನೋಡುತ್ತಿದ್ದ. ನನಗೆ ಅವನ ಬೆನ್ನು, ಬಲ ತೋಳು ಪೂರಾ ಕಾಣಿಸುತ್ತಿತ್ತು. ಸುಮಾರು 12 ಮೀಟರ್ ದೂರ, ಹಾಗಾಗಿ ಹೊಡೆಯದೆ ಸರೆಂಡರ್ ಕೇಳುವಷ್ಟು ಹತ್ತಿರವೂ ಅಲ್ಲ. ಟ್ರಿಗರ್ ಮೇಲೆ ಎರಡು ಬೆರಳಿಟ್ಟು ಒತ್ತಿದೆ. ಟಪ್, ಟಪ್, ಟಪ್. ಆಮೇಲೆ ಒಂದೇ ಸಮ ಟರ್ರ್‌ರ್ ಅಂತ ಹೋಯಿತು. ನನ್ನ ಬೆರಳು ಇಷ್ಟು ಚುರುಕಾ ಅಂತ ಒಂದು ಗಳಿಗೆ ಖುಷಿಯೂ ಆಯಿತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಅವನು ಕೈ ಎತ್ತಿ "ಹಿಟ್" ಅಂತ ಕೂಗುವ ಹೊತ್ತಿಗೆ ಆಗಬೇಕಾದ್ದೆಲ್ಲ ಆಗಿಹೋಗಿತ್ತು. ಮಾರ್ಷಲ್, ಅಂದರೆ ಮೈದಾನದ ರೆಫರಿ, ಬಂದು ಎಣಿಸಿದರು. ಬೆನ್ನಿಗೆ ನಾಲ್ಕು, ತೋಳಿಗೆ ಎರಡು, ಕುತ್ತಿಗೆಗೆ ಒಂದು. ಕುತ್ತಿಗೆಯದ್ದು ಒಡೆದಿರಲಿಲ್ಲ, ಬಡಿದು ಪುಟಿದಿತ್ತು. ಅದರ ಗುರುತು ಈಗಲೂ ಕಣ್ಣ ಮುಂದೆ ಇದೆ. ನಡುವೆ ಬಿಳಿ, ಸುತ್ತ ಕೆಂಪು ಬಳೆ. ಮಾಸ್ಕ್ ತೆಗೆಯುವ ಜಾಗಕ್ಕೆ ಬಂದ ಮೇಲೆ ನೋಡಿದರೆ ಇನ್ನೂ ಹುಡುಗ. ಹದಿನೈದೋ ಹದಿನಾರೋ ಇರಬೇಕು. ಅವತ್ತೇ ಮೊದಲ ಸಲ ಬಂದಿದ್ದನಂತೆ, ಸೋದರಮಾವನ ಜೊತೆ. ಅಳಲಿಲ್ಲ. ಮಾತೂ ಆಡಲಿಲ್ಲ.

ಮಾತಾಡಿದ್ದು ಅವನ ಮಾವ. "ಏನ್ರೀ, ಆಟ ಆಡೋಕೆ ಬಂದಿದ್ದೀರಾ, ಗೋಡೆಗೆ ಬಣ್ಣ ಹೊಡೆಯೋಕೆ ಬಂದಿದ್ದೀರಾ?" ಅಂದರು. ಮಾರ್ಷಲ್ ನನ್ನ ಗನ್ ತಗೊಂಡು, ಮಣ್ಣಿನ ದಿಬ್ಬದ ಕಡೆ ತಿರುಗಿಸಿ, ಪಟಪಟ ಅಂತ ಒತ್ತಿ ನೋಡಿದರು. "ಇದು ರ‍್ಯಾಂಪ್‌ನಲ್ಲಿದೆ" ಅಂದರು. ಅಂದರೆ ಬೇಗ ಬೇಗ ಒತ್ತಿದರೆ ಗನ್ ತಾನೇ ಬಾಲ್ ಸೇರಿಸುವ ಮೋಡ್. ಆ ದಿನಕ್ಕೆ ನನ್ನ ಆಟ ಮುಗಿಯಿತು. ವಾಪಸ್ ಬರುವಾಗ ಬೆಂಚಿನ ಮೇಲೆ ಕೂತಿದ್ದ ಒಬ್ಬರು "ಮೋಸಗಾರ" ಅಂದದ್ದು ನನಗೆ ಕೇಳಿಸಲಿ ಅಂತಲೇ ಅಂದದ್ದು.

ನನ್ನ ಪ್ರಶ್ನೆಗಳು ಇವು. ಗೊತ್ತಿಲ್ಲದೆ ಆದದ್ದು ಮೋಸ ಆಗುತ್ತದಾ? ಬಾಲ್‌ನ ವೇಗ ಮಿತಿಯೊಳಗೇ ಇತ್ತಲ್ವಾ, ಹಾಗಾದರೆ ಸೆಕೆಂಡಿಗೆ ಎಷ್ಟು ಹೋಗುತ್ತದೆ ಅನ್ನುವುದಕ್ಕೆ ಇಷ್ಟು ರಾದ್ಧಾಂತ ಯಾಕೆ? ಸೆಮಿಯಲ್ಲೇ ಎರಡು ಬೆರಳಿಂದ ಪಿಯಾನೋ ಬಾರಿಸುವ ಹಾಗೆ ಹೊಡೆಯುವವರು ಇದ್ದಾರೆ. ಅವರನ್ನು ಯಾರೂ ಏನೂ ಅನ್ನಲ್ಲವಲ್ಲ?

ಹಳೇ_ಸೀಟಿ:

ನಾನು ಮಾರ್ಷಲ್ ಕೆಲಸ ಮಾಡಿದವನು, ಹನ್ನೊಂದು ವರ್ಷ. ಈಗ ಮೊಣಕಾಲು ಕೈಕೊಟ್ಟಿದೆ, ಕ್ರೋನೋ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತೇನೆ.

ಮೊದಲು ಒಂದು ಮಾತು. ನೀವು ಮೋಸಗಾರ ಅಲ್ಲ. ಆದರೆ ಗನ್ ನಿಮ್ಮದು. ಅದು ಏನು ಮಾಡುತ್ತದೆ ಅಂತ ತಿಳಿದುಕೊಳ್ಳದೆ ಜನರ ಕಡೆ ಹಿಡಿದಿರಿ. ತಪ್ಪು ಅಷ್ಟು. ಜೊತೆಗೆ ಬೆಳಗ್ಗೆ ಕ್ರೋನೋದಲ್ಲಿ ಇದ್ದವರದ್ದೂ ತಪ್ಪೇ. "ಸೆಮಿ ತಾನೇ?" ಅಂತ ಬಾಯಲ್ಲಿ ಕೇಳಿದರೆ ಸಾಲದು. ನಾನಾಗಿದ್ದರೆ ಗನ್ ಇಸಿದುಕೊಂಡು ಹತ್ತು ಸಲ ಜೋರಾಗಿ ಒತ್ತುತ್ತಿದ್ದೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಅದೇ ಮುಖ್ಯವಾದದ್ದು. ಒಂದು ಬಾಲ್ ತೂಕ ಸುಮಾರು 3 ಗ್ರಾಂ. ಸೆಕೆಂಡಿಗೆ 280 ಅಡಿ ಅಂದರೆ 85 ಮೀಟರ್. ಆ ಪೆಟ್ಟು ಸೆಮಿಯಲ್ಲಿ ಹೊಡೆದರೂ ಅಷ್ಟೇ, ರ‍್ಯಾಂಪ್‌ನಲ್ಲಿ ಹೊಡೆದರೂ ಅಷ್ಟೇ. ನಿಮ್ಮ ಮಾತು ಅಲ್ಲಿವರೆಗೆ ಸರಿ. ಆದರೆ ಆಟ ನಿಂತಿರುವುದು ಪೆಟ್ಟಿನ ಮೇಲಲ್ಲ, ಕೂಗಿನ ಮೇಲೆ. ಬಾಲ್ ತಗುಲಿತು. ಅವನಿಗೆ ಗೊತ್ತಾಗಬೇಕು. ಕೈ ಎತ್ತಬೇಕು, "ಹಿಟ್" ಅನ್ನಬೇಕು. ಅದು ನಿಮ್ಮ ಕಿವಿಗೆ ಬೀಳಬೇಕು. ನೀವು ಬೆರಳು ತೆಗೆಯಬೇಕು. ಇಷ್ಟರೊಳಗೆ ಗಾಳಿಯಲ್ಲಿರುವ ಬಾಲ್‌ಗಳು ಬಂದು ಬೀಳಬೇಕು. ಎಷ್ಟೇ ಚುರುಕಾದವರಿದ್ದರೂ ಇದಕ್ಕೆಲ್ಲ ಹೆಚ್ಚು ಕಡಿಮೆ ಒಂದು ಸೆಕೆಂಡ್ ಹಿಡಿಯುತ್ತದೆ. ಮೊದಲ ಸಲ ಬಂದವನಾದರೆ ಇನ್ನೂ ಜಾಸ್ತಿ, ಪೆಟ್ಟು ಬಿದ್ದದ್ದು ಒಡೆಯಿತಾ ಇಲ್ಲವಾ ಅಂತ ಅವನು ಮುಟ್ಟಿ ನೋಡುತ್ತಾನೆ.

ಆ ಒಂದು ಸೆಕೆಂಡಿನಲ್ಲಿ ಬಾಡಿಗೆ ಗನ್‌ನಿಂದ ಮೂರೋ ನಾಲ್ಕೋ ಬಾಲ್ ಹೋಗುತ್ತವೆ. ನಿಮ್ಮ ಗನ್‌ನಿಂದ ಹತ್ತು ಹೋಗುತ್ತವೆ. ಎಲ್ಲ ಔಟ್ ಆದವನ ಮೈಮೇಲೆ. ಆ ಹುಡುಗ ಮೊದಲ ಬಾಲ್‌ಗೇ ಔಟ್ ಆಗಿದ್ದ. ಮಿಕ್ಕ ಆರು ಆಟದ ಲೆಕ್ಕಕ್ಕೇ ಸೇರಲ್ಲ.

"ಟೂರ್ನಮೆಂಟ್‌ನಲ್ಲಿ ರ‍್ಯಾಂಪಿಂಗ್ ಬಿಡುತ್ತಾರಲ್ಲ" ಅಂತ ಕೆಲವರು ವಾದಕ್ಕೆ ಬರುತ್ತಾರೆ. ಬಿಡುತ್ತಾರೆ, ನಿಜ. ಎನ್‌ಎಕ್ಸ್‌ಎಲ್‌ನಲ್ಲಿ ಅಂದರೆ ಅಮೆರಿಕದ ಪೇಂಟ್‌ಬಾಲ್ ಲೀಗ್‌ನಲ್ಲಿ, ಸೆಕೆಂಡಿಗೆ 10.2 ಬಾಲ್‌ನ ಮಿತಿ ಇಟ್ಟು ಬಿಡುತ್ತಾರೆ. ಅದರ ಹಿಂದಿನ ಕತೆ ಏನು ಗೊತ್ತಾ? ಗನ್ ಒಳಗೆ ಎಲೆಕ್ಟ್ರಾನಿಕ್ ಬೋರ್ಡ್‌ಗಳು ಬಂದ ಮೇಲೆ ಯಾರು ನಿಜವಾಗಿ ಸೆಮಿ ಹೊಡೆಯುತ್ತಿದ್ದಾರೆ, ಯಾರ ಬೋರ್ಡ್ ಕದ್ದು ಬಾಲ್ ಸೇರಿಸುತ್ತಿದೆ ಅಂತ ಕಂಡುಹಿಡಿಯುವುದು ರೆಫರಿಗಳ ಕೈಲಿ ಆಗದ ಕೆಲಸ ಆಯಿತು. ಹಾಗಾಗಿ "ಸರಿ, ಎಲ್ಲರೂ ಸೇರಿಸಿ, ಆದರೆ ಇಷ್ಟರ ಮೇಲೆ ಹೋಗಬೇಡಿ" ಅಂತ ಒಂದು ಗೆರೆ ಎಳೆದರು. ಗಡಿಯಾರ ಹಿಡಿದು ಅಳೆಯಬಹುದಾದ ಗೆರೆ. ಅಲ್ಲಿ ಎರಡೂ ಕಡೆಯವರ ಕೈಯಲ್ಲಿ ಅದೇ ತರದ ಗನ್ ಇರುತ್ತದೆ. ಬಯಲು ಮೈದಾನ, ಗಾಳಿ ತುಂಬಿದ ಬಂಕರ್, ಸುತ್ತ ರೆಫರಿಗಳು. ಕಾಡಿನಲ್ಲಿ ಇದ್ಯಾವುದೂ ಇಲ್ಲ. ಒಂದು ಎಕರೆ ಪೊದೆಗೆ ಒಬ್ಬ ಮಾರ್ಷಲ್ ಇದ್ದರೆ ಪುಣ್ಯ. ಎದುರಿಗಿರುವವನ ಹಾಪರ್‌ನಲ್ಲಿ ಬಾಲ್ ತನ್ನ ಭಾರಕ್ಕೆ ತಾನೇ ಕೆಳಗಿಳಿಯಬೇಕು, ಜೋರಾಗಿ ಹೊಡೆದರೆ ಸಿಕ್ಕಿಹಾಕಿಕೊಳ್ಳುತ್ತದೆ, ಅವನು ಗನ್ ಅಲ್ಲಾಡಿಸುತ್ತಾ ಕೂರುತ್ತಾನೆ.

ಬೆರಳಿನವರ ವಿಷಯ. ಅವರನ್ನೂ ಅನ್ನುತ್ತೇವೆ. ಔಟ್ ಆದವನಿಗೆ ಬೇಕಂತ ಇನ್ನೂ ನಾಲ್ಕು ಕೊಟ್ಟರೆ ಸೆಮಿಯಾಗಲಿ, ಪ್ರತಿ ಬಾಲ್‌ಗೂ ಕೈಯಿಂದ ಎಳೆಯುವ ಪಂಪ್ ಆಗಲಿ, ಹೊರಗೆ ಕಳಿಸಿದ್ದೇನೆ. ಆದರೂ ವ್ಯತ್ಯಾಸ ಇದೆ. ಬೆರಳಿಗೆ ಸುಸ್ತಾಗುತ್ತದೆ. ಬೋರ್ಡ್‌ಗೆ ಆಗಲ್ಲ.

ತಿರುಪು_ಬಿಚ್ಚುವವ:

ಗನ್ ರಿಪೇರಿ ನನ್ನ ಹವ್ಯಾಸ. ಸೀಟಿ ಅಣ್ಣ ಆಟದ ಕಡೆಯಿಂದ ಹೇಳಿದ್ದಾರೆ, ನಾನು ಬೋರ್ಡ್ ಕಡೆಯಿಂದ ಹೇಳುತ್ತೇನೆ.

ರ‍್ಯಾಂಪ್ ಮೋಡ್ ಯಾಕೆ ಯಾಮಾರಿಸುತ್ತದೆ ಅಂದರೆ, ಮೊದಲ ಕೆಲವು ಹೊಡೆತ ಅದು ಅಪ್ಪಟ ಸೆಮಿಯೇ. ನೀವು ಬೇಗ ಬೇಗ ಒತ್ತುತ್ತಿದ್ದೀರಿ ಅಂತ ಗೊತ್ತಾದ ಮೇಲೆ ಬೋರ್ಡ್ ತನ್ನ ಪಾಲು ಸೇರಿಸುತ್ತದೆ. ನೀವು ಆರು ಸಲ ಒತ್ತಿದರೆ ಅದು ಹತ್ತು ಮಾಡುತ್ತದೆ. ನಿಧಾನ ಮಾಡಿದ ತಕ್ಷಣ ಮತ್ತೆ ಸಾಧು. ನೀವೇ ಬರೆದಿದ್ದೀರಲ್ಲ, ಟಪ್ ಟಪ್ ಟಪ್ ಆಮೇಲೆ ಟರ್ರ್ ಅಂತ. ಅದನ್ನು ಓದಿದಾಗಲೇ ನನಗೆ ಗೊತ್ತಾಯಿತು. ಕ್ರೋನೋ ಮುಂದೆ ಒಂದೊಂದಾಗಿ ಹೊಡೆದರೆ ಇದು ಯಾವ ಕಾಲಕ್ಕೂ ಸಿಗಲ್ಲ.

ಬರ್ಸ್ಟ್, ಫುಲ್ ಆಟೋ ಹಾಗಲ್ಲ. ಬರ್ಸ್ಟ್‌ನಲ್ಲಿ ಒಂದು ಸಲ ಒತ್ತಿದರೆ ಮೂರು ಹೋಗುತ್ತವೆ, ಫುಲ್ ಆಟೋದಲ್ಲಿ ಒತ್ತಿ ಹಿಡಿದಷ್ಟು ಹೊತ್ತೂ ಹೋಗುತ್ತವೆ. ಎರಡೂ ಮೊದಲ ಒತ್ತಿಗೇ ಸಿಕ್ಕಿಬೀಳುತ್ತವೆ.

ಮನೆಯಲ್ಲಿ ಹೀಗೆ ನೋಡಿ. ಹಾಪರ್ ತೆಗೆಯಿರಿ. ಚೇಂಬರ್‌ನಲ್ಲಿ ಬಾಲ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಬ್ಯಾರೆಲ್‌ಗೆ ಕವರ್ ಹಾಕಿ, ಮಾಸ್ಕ್ ಹಾಕಿಕೊಳ್ಳಿ. ಖಾಲಿ ಗನ್‌ಗೆ ಮಾಸ್ಕ್ ಯಾಕೆ ಅಂತ ನಗಬೇಡಿ. ಖಾಲಿ ಅಂದುಕೊಂಡ ಗನ್‌ನಿಂದ ಹಾರಿದ ಬಾಲ್ ನನ್ನ ಟ್ಯೂಬ್‌ಲೈಟ್ ಒಡೆದಿದೆ. ಚೇಂಬರ್‌ನಲ್ಲಿ ಬಾಲ್ ಇದೆಯಾ ಅಂತ ನೋಡುವ ಸಣ್ಣ ಬೆಳಕಿನ ಕಣ್ಣು ಇರುತ್ತದೆ. ಅದನ್ನು ಆಫ್ ಮಾಡಿ, ಇಲ್ಲದಿದ್ದರೆ ಖಾಲಿ ಗನ್ ಹೊಡೆಯುವುದೇ ಇಲ್ಲ. ಈಗ ಫೋನ್‌ನಲ್ಲಿ ಆಡಿಯೋ ರೆಕಾರ್ಡಿಂಗ್ ಹಚ್ಚಿ, ಎಣಿಸುತ್ತಾ ಜೋರಾಗಿ 30 ಸಲ ಒತ್ತಿ. ಆಮೇಲೆ ರೆಕಾರ್ಡಿಂಗ್‌ನ ಗೆರೆಯಲ್ಲಿ ಎಷ್ಟು ಗೋಪುರ ಎದ್ದಿವೆ ಎಣಿಸಿ. 30 ಇದ್ದರೆ ಸೆಮಿ. 45 ಇದ್ದರೆ ಮಿಕ್ಕ 15 ಬೋರ್ಡ್‌ನದ್ದು.

ಒಂದು ಎಚ್ಚರಿಕೆ. ಮೋಡ್ ಸೆಮಿ ಇದ್ದೂ ಒಂದೆರಡು ಜಾಸ್ತಿ ಬರಬಹುದು. ಟ್ರಿಗರ್ ಹಿಂದಿನ ಪುಟಾಣಿ ಸ್ವಿಚ್ ಒತ್ತಿದಾಗ ಅದರ ಲೋಹದ ನಾಲಿಗೆ ಒಂದೇ ಸಲಕ್ಕೆ ಕೂರಲ್ಲ, ಕೆಲವು ಮಿಲಿಸೆಕೆಂಡ್ ನಡುಗುತ್ತದೆ. ಆ ನಡುಕವನ್ನು ಬೋರ್ಡ್ ಇನ್ನೊಂದು ಒತ್ತು ಅಂತ ತಿಳಿಯಬಾರದು ಅಂತಲೇ ಡಿಬೌನ್ಸ್ ಅನ್ನುವ ಸೆಟ್ಟಿಂಗ್ ಇರುವುದು. ಅದನ್ನು ತೀರಾ ಕಡಿಮೆ ಇಟ್ಟರೆ ಒಂದು ಒತ್ತಿಗೆ ಎರಡು ಹೋಗುತ್ತವೆ. ಕೆಲವರು ಬೇಕಂತಲೇ ಹಾಗೆ ಇಟ್ಟುಕೊಂಡು "ನನ್ನದು ಸೆಮಿ ಸಾರ್" ಅನ್ನುತ್ತಾರೆ. ಇದಕ್ಕೆ ಮೋಸ ಅಂತ ಧಾರಾಳವಾಗಿ ಕರೆಯಿರಿ.

ಮೆಕ್ಯಾನಿಕಲ್ ಗನ್‌ಗಳೂ ಸಾಚಾ ಅಲ್ಲ. ಸಿಲಿಂಡರ್‌ನಲ್ಲಿ ಗ್ಯಾಸ್ ಮುಗಿಯುತ್ತಾ ಬಂದಾಗ ಒಳಗಿನ ಹ್ಯಾಮರ್ ಪೂರ್ತಿ ಹಿಂದೆ ಹೋಗಿ ಕೊಕ್ಕೆಗೆ ಸಿಗಲ್ಲ. ಮುಂದಕ್ಕೆ ಬಂದು ಮತ್ತೆ ಹೊಡೆಯುತ್ತದೆ, ಮತ್ತೆ, ಮತ್ತೆ. ನೋಡುವವರಿಗೆ ಫುಲ್ ಆಟೋ. ಪಾಪ, ಹಿಡಿದವನಿಗೇ ಗಾಬರಿ. ಹಾಗಾದಾಗ ಬ್ಯಾರೆಲ್ ನೆಲಕ್ಕೆ ತಿರುಗಿಸಿ, ಮಾರ್ಷಲ್‌ನ ಕರೆಯಿರಿ.

ಬಂಕರ್_ಬಿಟ್ಟವ:

ಎಲ್ಲರೂ ಸೇರಿ ಒಬ್ಬರನ್ನೇ ರುಬ್ಬುತ್ತಿದ್ದೀರಿ. ನಾನು ಸ್ವಲ್ಪ ಉಲ್ಟಾ ಹೇಳುತ್ತೇನೆ.

ಜನ ಯಾಕೆ ಸುರಿಯುತ್ತಾರೆ ಅಂತ ಯಾರಾದರೂ ಕೇಳಿದಿರಾ? ಒರೆಸುವವರ ಕಾಟಕ್ಕೆ. ಮರದ ಹಿಂದೆ ಕೂತಿರುತ್ತಾನೆ. ನನ್ನ ಬಾಲ್ ಅವನ ಮೊಣಕೈಗೆ ಬಿದ್ದು ಒಡೆದದ್ದು ನನಗೆ ಕಾಣಿಸುತ್ತದೆ. ಅವನು ಒಂದು ಗಳಿಗೆ ಕೆಳಗೆ ಬಗ್ಗುತ್ತಾನೆ. ಮೇಲೆ ಬಂದಾಗ ಮೊಣಕೈ ಕ್ಲೀನ್, ಪ್ಯಾಂಟಿಗೆ ಹಳದಿ. "ಚಿಮ್ಮಿದ್ದು, ಚಿಮ್ಮಿದ್ದು" ಅನ್ನುತ್ತಾನೆ. ಎರಡು ಸಲ ಹೀಗಾದರೆ ಮೂರನೇ ಸಲ ಯಾರಾದರೂ ಒರೆಸಲಾಗದಷ್ಟು ಹೊಡೆಯುತ್ತಾರೆ. ನಾನೂ ಹೊಡೆದಿದ್ದೇನೆ. ಗನ್‌ನ ಮೋಡ್ ನೋಡುವುದಕ್ಕೆ ಹತ್ತು ಜನ ಇದ್ದಾರೆ, ಕೈಯಲ್ಲಿರುವ ಬಟ್ಟೆ ನೋಡುವುದಕ್ಕೆ ಒಬ್ಬನೂ ಇಲ್ಲ.

ಹಳೇ_ಸೀಟಿ:

ಒರೆಸುವವರು ಇದ್ದಾರೆ, ಒಪ್ಪಿದೆ. ಅದಕ್ಕೆ ಮಾರ್ಷಲ್‌ನ ಕೂಗಿ ಪೇಂಟ್ ಚೆಕ್ ಕೇಳಬೇಕು. ನಾವು ನಡುವೆ ಬಂದು ಆಟ ನಿಲ್ಲಿಸಿ ನೋಡುತ್ತೇವೆ. ನೀವೇ ಶಿಕ್ಷೆ ಕೊಡಲು ಹೋದರೆ ಒರೆಸದವನಿಗೂ ಬೀಳುತ್ತದೆ. ಈ ಹುಡುಗನಿಗೆ ಒರೆಸಬಹುದು ಅನ್ನುವುದೇ ಗೊತ್ತಿರಲಿಲ್ಲ.

ಇನ್ನೊಂದು ವಿಷಯ. ಜೋರು ಗನ್ ಇದ್ದ ಕಡೆ ಒರೆಸುವವರು ಕಡಿಮೆ ಆದದ್ದನ್ನು ನಾನಂತೂ ನೋಡಿಲ್ಲ. ಆದದ್ದು ಒಂದೇ. ಬಾಡಿಗೆ ಗನ್ ಹಿಡಿದವರು ತಲೆ ಎತ್ತುವುದನ್ನೇ ಬಿಟ್ಟರು. ಇಡೀ ಆಟ ಮರದ ಬುಡದಲ್ಲಿ ಕೂತು ಸೀಟಿಗೆ ಕಾಯುತ್ತಾರೆ. ಮುಂದಿನ ವಾರ ಬರಲ್ಲ.

ಒಂದೇ_ಬಾಲ್:

ಪಂಪ್ ಗನ್‌ನವನು ಇನ್ನೂ ಯಾಕೆ ಬಂದಿಲ್ಲ ಅಂತ ಕಾಯುತ್ತಿದ್ದಿರಿ ಅಲ್ವಾ? ಬಂದೆ.

1981ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಕಾಡಿನಲ್ಲಿ ಮೊಟ್ಟಮೊದಲ ಆಟ ನಡೆಯಿತು. ಆಡಿದವರು 12 ಜನ. ಕೈಯಲ್ಲಿ ಮರಗಳಿಗೆ, ದನಗಳಿಗೆ ಗುರುತು ಹಾಕಲು ಬಳಸುತ್ತಿದ್ದ ಪಿಸ್ತೂಲು. ಎಲ್ಲ ಬಾವುಟಗಳನ್ನೂ ಹಿಡಿದು ಗೆದ್ದವನು ಕಾಡಿನ ಕೆಲಸದವನು. ಇಡೀ ಆಟದಲ್ಲಿ ಅವನು ಒಂದು ಸಲವೂ ಗುಂಡು ಹಾರಿಸಲಿಲ್ಲ. ಇದನ್ನು ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ, ನಮ್ಮ ಟೀಮಿನವರು ಈಗ ಕಿವಿ ಮುಚ್ಚಿಕೊಳ್ಳುತ್ತಾರೆ.

ಮೂರನೇ ಮರದವರೇ, ನಿಮ್ಮ ಆಟದಲ್ಲಿ ಒಳ್ಳೆಯದೊಂದು ಇತ್ತು, ಅದನ್ನು ಯಾರೂ ಹೇಳಲಿಲ್ಲ. ಬಲಗಡೆಯಿಂದ ಸದ್ದಿಲ್ಲದೆ 12 ಮೀಟರ್‌ವರೆಗೆ ಬಂದಿರಿ. ಅವನಿಗೆ ಗೊತ್ತೇ ಆಗಲಿಲ್ಲ. ಒಣ ಎಲೆ ಮೇಲೆ ಹಾಗೆ ಹೋಗುವುದು ಸುಲಭ ಅಲ್ಲ. ಅಲ್ಲಿಗೇ ಆಟ ಗೆದ್ದಾಗಿತ್ತು. ಬೆನ್ನಿಗೆ ಒಂದು ಬಾಲ್ ಸಾಕಿತ್ತು. ಇನ್ನೂ ನಾಲ್ಕು ಹೆಜ್ಜೆ ಹತ್ತಿರ ಹೋಗಿ ಸರೆಂಡರ್ ಕೇಳಿದ್ದರೆ ಒಂದೂ ಬೇಕಿರಲಿಲ್ಲ. ಒಂದು ದಿನ ನನ್ನ ಪಂಪ್ ತಗೊಂಡು ಆಡಿ ನೋಡಿ. ಪ್ರತಿ ಬಾಲ್‌ಗೂ ಕೈ ಹಿಂದೆ ಮುಂದೆ ಆಡಿಸಬೇಕು. ಆ ಹೊತ್ತಿನಲ್ಲಿ ಎದುರಿನವನು ಕೈ ಎತ್ತಿದ್ದು ತಾನಾಗೇ ಕಾಣಿಸುತ್ತದೆ.

ಮೂರನೇ_ಮರ:

ಎಲ್ಲರಿಗೂ ಥ್ಯಾಂಕ್ಸ್. ಬೈದವರಿಗೂ.

ತಿರುಪು ಅವರು ಹೇಳಿದ ಹಾಗೆ ಮಾಡಿದೆ. ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು, ಮಾಸ್ಕ್ ಹಾಕಿಕೊಂಡು, 30 ಸಲ ಒತ್ತಿದೆ. ಹೊರಗಿನಿಂದ ಅಮ್ಮ ಎರಡು ಸಲ ಬಾಗಿಲು ತಟ್ಟಿದರು. ಗೋಪುರ ಎಣಿಸಿದರೆ 47. ನನ್ನ ಬೆರಳು ಚುರುಕು ಅಂತ ಖುಷಿಪಟ್ಟಿದ್ದೆನಲ್ಲ, ಅದರಲ್ಲಿ ಮೂರರಲ್ಲೊಂದು ಪಾಲು ನನ್ನದೇ ಅಲ್ಲ.

ಗ್ರಿಪ್ ಬಿಚ್ಚಿದರೆ ಒಳಗೆ ಒಂದು ಪುಟ್ಟ ಗುಂಡಿ ಇತ್ತು. ಟೂರ್ನಮೆಂಟ್ ಲಾಕ್ ಅಂತೆ, ಮೈದಾನದಲ್ಲಿ ಯಾರೂ ಮೋಡ್ ಬದಲಾಯಿಸಬಾರದು ಅಂತ ಇರುವುದು. ಅದನ್ನು ತೆಗೆದು, ಟ್ರಿಗರ್ ಒತ್ತಿಕೊಂಡೇ ಆನ್ ಮಾಡಿ, ದೀಪದ ಬಣ್ಣ ಎಣಿಸಿ ಎಣಿಸಿ ಸೆಮಿಗೆ ತಂದೆ. ಮತ್ತೆ ಲಾಕ್ ಹಾಕಿದೆ.

ಈ ಭಾನುವಾರ ಹೋಗಿದ್ದೆ. ಮೊದಲು ಮಾರ್ಷಲ್ ಹತ್ತಿರ ಹೋಗಿ, ನೀವೇ ಜೋರಾಗಿ ಒತ್ತಿ ನೋಡಿ ಅಂತ ಗನ್ ಕೈಗೆ ಕೊಟ್ಟೆ. ಅವರು ಒತ್ತಿ ನೋಡಿ ಸುಮ್ನೆ ತಲೆಯಾಡಿಸಿದರು. ಹುಡುಗನ ಮಾವ ಬಂದಿದ್ದರು. ಹೋಗಿ ತಪ್ಪಾಯಿತು ಅಂದೆ. ನಡೆದದ್ದು ಹೇಳಿದೆ, 47 ಗೋಪುರದ ಕತೆಯನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಸರಿ ಬಿಡಿ" ಅಂದರು. ಹುಡುಗ ಬಂದಿರಲಿಲ್ಲ. ಪರೀಕ್ಷೆ ಇದೆ ಅಂದರು. ಇರಬಹುದು.

ಒಂದು ಡೌಟ್ ಉಳಿದಿದೆ. ಸೆಮಿಗೆ ಹಾಕಿದ ಮೇಲೂ 30 ಒತ್ತಿದರೆ 32 ಗೋಪುರ ಬರುತ್ತಿವೆ. ಎರಡು ಸಲ ನೋಡಿದೆ. ಒಂದು ಸಲ 32, ಇನ್ನೊಂದು ಸಲ 31.

ತಿರುಪು_ಬಿಚ್ಚುವವ:

ಸ್ವಿಚ್ ನಡುಕ ಅದು. ಬ್ಯಾಟರಿ ಹೊಸದು ಹಾಕಿ. ಡಿಬೌನ್ಸ್ ಒಂದು ಮೆಟ್ಟಿಲು ಏರಿಸಿ ಮತ್ತೆ 30 ಒತ್ತಿ. ಸರಿಯಾಗಿ 30 ಬರುವವರೆಗೆ ಒಂದೊಂದೇ ಏರಿಸಿ. ಟ್ರಿಗರ್ ಸ್ವಲ್ಪ ಮಂದ ಅನ್ನಿಸುತ್ತದೆ, ಅನ್ನಿಸಲಿ. ಸಾಧ್ಯ ಆದರೆ ಬಾತ್‌ರೂಮ್ ಬಿಟ್ಟು ಬೇರೆ ಕಡೆ ರೆಕಾರ್ಡ್ ಮಾಡಿ, ಅಲ್ಲಿ ಪ್ರತಿಧ್ವನಿಯೂ ಒಂದು ಗೋಪುರ ಎಬ್ಬಿಸುತ್ತದೆ.